ಎಆರ್-15 ಅಪ್ಪರ್ ರಿಸೀವರ್: ಯಾವುದಕ್ಕೆ ಯಾವುದು ಹೊಂದುತ್ತದೆ, ನೋಡುವುದು ಹೇಗೆ

ಎಆರ್-15 ರೈಫಲ್‌ನ ಮೂಲ ವಿನ್ಯಾಸ 1950ರ ದಶಕದ ಕೊನೆಯದು. ಆರ್ಮಲೈಟ್ ಕಂಪನಿಯಲ್ಲಿ ಯೂಜೀನ್ ಸ್ಟೋನರ್ ರೂಪಿಸಿದ ಇದರ ಹಕ್ಕು 1959ರಲ್ಲಿ ಕೋಲ್ಟ್ ಕಂಪನಿಗೆ ಹೋಯಿತು. ಇಂದು ಅಮೆರಿಕದಲ್ಲಿ ಇದರ ಬಿಡಿಭಾಗಗಳನ್ನು ಮಾಡುವ ಕಂಪನಿಗಳು ಹಲವು. ಬಹುತೇಕರು ಸೇನೆಯ ಅಳತೆಗಳನ್ನೇ ಅನುಸರಿಸುವುದರಿಂದ ಒಬ್ಬರ ಅಪ್ಪರ್ (ಬ್ಯಾರೆಲ್ಲು, ಬೋಲ್ಟು ಇರುವ ಮೇಲಿನ ಅರ್ಧ) ಇನ್ನೊಬ್ಬರ ಲೋವರ್ (ಟ್ರಿಗರ್, ಮ್ಯಾಗಜಿನ್ ಇರುವ ಕೆಳಗಿನ ಅರ್ಧ) ಮೇಲೆ ಸಾಮಾನ್ಯವಾಗಿ ಕೂರುತ್ತದೆ. ಆದರೆ ಅವನ್ನು ಜೋಡಿಸುವ ಎರಡು ಪಿನ್ನು ಒಳಗೆ ಹೋದ ಮಾತ್ರಕ್ಕೆ ಬೋಲ್ಟು (ತೋಟಾವನ್ನು ಹಿಂದಿನಿಂದ ಮುಚ್ಚಿ ಹಿಡಿಯುವ ಭಾಗ), ಬ್ಯಾರೆಲ್ಲು, ಗ್ಯಾಸ್ ವ್ಯವಸ್ಥೆ (ಹಾರಿದ ತೋಟಾದ ಅನಿಲದಿಂದ ಬೋಲ್ಟನ್ನು ಹಿಂದಕ್ಕೆ ತಳ್ಳುವ ಏರ್ಪಾಟು) ಒಂದಕ್ಕೊಂದು ಹೊಂದಿವೆ ಎಂದಲ್ಲ. ಹೊಸಬರು ಅಪ್ಪರ್-ಲೋವರ್ ನಡುವಿನ ಅಲುಗಾಟಕ್ಕೆ ಚಿಂತೆ ಮಾಡುತ್ತಾರೆ. ನಿಜವಾಗಿ ಚಿಂತಿಸಬೇಕಾದದ್ದು ಬೋಲ್ಟು ಮತ್ತು ಚೇಂಬರ್ (ಬ್ಯಾರೆಲ್ಲಿನ ಹಿಂತುದಿಯಲ್ಲಿ ತೋಟಾ ಕೂರುವ ಜಾಗ) ಬಗ್ಗೆ.

ಕೆಲಸಕ್ಕೆ ಕೂರುವ ಮುನ್ನ ಮ್ಯಾಗಜಿನ್ ತೆಗೆಯಿರಿ, ಬೋಲ್ಟ್ ಹಿಂದೆಳೆದು ಚೇಂಬರ್ ಖಾಲಿ ಇರುವುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಿ. ಆ ಕೋಣೆಯಲ್ಲಿ ಜೀವಂತ ತೋಟಾ ಇರಬಾರದು. ಪರೀಕ್ಷೆಗೆ ಡಮ್ಮಿ ತೋಟಾ ಮಾತ್ರ.

ಕಾನೂನನ್ನೂ ಮೊದಲೇ ನೋಡಿಕೊಳ್ಳಿ. ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಎಆರ್-15ರ ಮಟ್ಟಿಗೆ ಬಂದೂಕು ಎಂದು ಎಣಿಕೆಯಾಗುವುದು ಲೋವರ್ ಮಾತ್ರ; ಅಪ್ಪರ್ ಬರೀ ಬಿಡಿಭಾಗ. ಆದರೆ 16 ಇಂಚಿಗಿಂತ ಚಿಕ್ಕ ಬ್ಯಾರೆಲ್ ಇರುವ ಅಪ್ಪರನ್ನು ರೈಫಲ್ ಲೋವರ್ ಮೇಲೆ ಕೂರಿಸಿದರೆ ಅದು 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆ್ಯಕ್ಟ್ ವ್ಯಾಪ್ತಿಗೆ ಬರುತ್ತದೆ, ಮೊದಲೇ ನೋಂದಣಿ ಆಗಿರಬೇಕು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿಯಂಥ ರಾಜ್ಯಗಳ ನಿಯಮ ಇನ್ನೂ ಬಿಗಿ. ಅಲ್ಲಿ ನೆಲೆಸಿದ ಕನ್ನಡಿಗರು ಊರಿಗೆ ಬರುವಾಗ ಸಣ್ಣ ಬೋಲ್ಟನ್ನೂ ಚೀಲದಲ್ಲಿ ತರಬಾರದು: ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಬಂದೂಕಿನ ಬಿಡಿಭಾಗವೂ ಶಸ್ತ್ರಾಸ್ತ್ರವೇ.

ಪಿನ್ನು ಮತ್ತು ಅಲುಗಾಟ

ಮುಂದಿನ ಪಿವಟ್ ಪಿನ್ನು, ಹಿಂದಿನ ಟೇಕ್‌ಡೌನ್ ಪಿನ್ನು ಎರಡರ ವ್ಯಾಸವೂ 0.250 ಇಂಚು. ಹಳೆಯ ಕೋಲ್ಟ್ ನಾಗರಿಕ ಮಾದರಿಗಳಲ್ಲಿ ಮಾತ್ರ ಮುಂದಿನ ತೂತು ದೊಡ್ಡದು, ಸುಮಾರು 0.315 ಇಂಚು. ಅಂಥ ಲೋವರ್‌ಗೆ ಇಂದಿನ ಅಪ್ಪರ್ ಹಾಕಲು ಆಫ್‌ಸೆಟ್ ಅಡಾಪ್ಟರ್ ಪಿನ್ ಬೇಕು. ಪಿನ್ನು ಬೆರಳಿನ ಒತ್ತಿಗೆ, ಹೆಚ್ಚೆಂದರೆ ನೈಲಾನ್ ಪಂಚಿನ ಮೆಲ್ಲನೆಯ ತಟ್ಟಿಗೆ ಹೋಗಬೇಕು. ಬಿಗಿಯಾಯಿತೆಂದು ತೂತನ್ನು ಅರದಿಂದ ಉಜ್ಜಬೇಡಿ; ಆನೊಡೈಸ್ (ರಕ್ಷಣೆಯ) ಪದರ ಹೋಗುತ್ತದೆ, ತೂತು ಅಂಡಾಕಾರವಾಗುತ್ತದೆ.

ಸ್ವಲ್ಪ ಅಲುಗಾಡಿದರೆ ಗುರಿ ಕೆಡುತ್ತದೆಯೇ? ಅಷ್ಟಾಗಿ ಇಲ್ಲ. ಬ್ಯಾರೆಲ್ಲೂ ಸೈಟೂ (ಗುರಿ ನೋಡುವ ಸಾಧನ) ಎರಡೂ ಅಪ್ಪರ್ ಮೇಲೇ ಇರುವುದರಿಂದ ಅವುಗಳ ನಡುವಿನ ಸಂಬಂಧ ಬದಲಾಗುವುದಿಲ್ಲ. ಅಲುಗಾಟ ಇಷ್ಟವಾಗದಿದ್ದರೆ ಹಿಂದಿನ ಲಗ್ (ಪಿನ್ನು ಹಾಯುವ ಚಾಚು) ಕೆಳಗೆ ರಬ್ಬರ್ ತುಂಡು ಇಡಬಹುದು, ಇಲ್ಲವೇ ಅಪ್ಪರನ್ನು ಒತ್ತಿಹಿಡಿಯುವ ಟೆನ್ಶನ್ ಸ್ಕ್ರೂ ಇರುವ ಲೋವರ್ ಆರಿಸಬಹುದು. ಇದಕ್ಕಾಗಿ ಹೆಚ್ಚು ದುಡ್ಡು ಸುರಿಯುವುದು ಬೇಡ.

ಮೇಲಿನ ಮಾತೆಲ್ಲ ಚಿಕ್ಕ ಚೌಕಟ್ಟಿನ ಎಆರ್-15ಕ್ಕೆ. .308 ತೋಟಾದ ದೊಡ್ಡ ಚೌಕಟ್ಟಿಗೆ ಸಾಮಾನ್ಯ ಅಳತೆ ಎಂಬುದೇ ಇಲ್ಲ. ಡಿಪಿಎಂಎಸ್ ಕಂಪನಿಯ ಮಾದರಿಯಲ್ಲಿ ರಿಸೀವರ್‌ನ ಹಿಂಭಾಗದ ಕೂಡುಗೆರೆ ಬಾಗಿರುತ್ತದೆ, ಆರ್ಮಲೈಟ್ ಎಆರ್-10ರಲ್ಲಿ ಓರೆಯಾಗಿ ನೇರ. ಬ್ಯಾರೆಲ್ಲನ್ನು ರಿಸೀವರ್‌ಗೆ ಬಿಗಿಯುವ ನಟ್ಟಿನ ಮರೆಯೂ (ತಿರುಪಿನ ಗೆರೆ) ಬೇರೆ. ಡಿಪಿಎಂಎಸ್ ಒಳಗೇ ರೇಲ್ (ಮೇಲೆ ಸೈಟ್ ಕೂರಿಸುವ ಪಟ್ಟಿ) ಎತ್ತರ ಎರಡು ಬಗೆ ಇರುವುದರಿಂದ ಹ್ಯಾಂಡ್‌ಗಾರ್ಡ್ (ಬ್ಯಾರೆಲ್ ಸುತ್ತಲಿನ ಹಿಡಿ) ರೇಲೂ ರಿಸೀವರ್ ರೇಲೂ ಒಂದೇ ಮಟ್ಟಕ್ಕೆ ಬಾರದಿರಬಹುದು. ದೊಡ್ಡ ಚೌಕಟ್ಟಿನಲ್ಲಿ ಅಪ್ಪರ್, ಲೋವರ್, ಹ್ಯಾಂಡ್‌ಗಾರ್ಡ್ ಮೂರನ್ನೂ ಒಬ್ಬರೇ ತಯಾರಕರಿಂದ ಕೊಳ್ಳುವುದೇ ಜಾಣತನ.

ತೋಟಾ, ಬೋಲ್ಟು, ಚೇಂಬರ್

ಬ್ಯಾರೆಲ್ ಮೇಲೆ ಕೆತ್ತಿರುವ ತೋಟಾದ ಹೆಸರನ್ನು ಓದಿ. 5.56 ಚೇಂಬರಿನಲ್ಲಿ .223 ತೋಟಾ ಹಾರಿಸಬಹುದು; .223 ಎಂದಷ್ಟೇ ಕೆತ್ತಿರುವ ಚೇಂಬರಿನಲ್ಲಿ 5.56 ಹಾರಿಸಿದರೆ ಒತ್ತಡ ಮಿತಿ ಮೀರಬಹುದು. .223 ವೈಲ್ಡ್ ಚೇಂಬರ್ ಎರಡಕ್ಕೂ ಆಗುತ್ತದೆ.

.300 ಬ್ಲ್ಯಾಕ್‌ಔಟ್‌ಗೆ ಬೋಲ್ಟು, ಕ್ಯಾರಿಯರ್ (ಬೋಲ್ಟನ್ನು ಹೊತ್ತು ಹಿಂದೆ ಮುಂದೆ ಓಡುವ ಭಾಗ), ಮ್ಯಾಗಜಿನ್ ಎಲ್ಲ 5.56ರವೇ ಸಾಕು, ಬ್ಯಾರೆಲ್ ಮಾತ್ರ ಬೇರೆ. ಅನುಕೂಲ ಇರುವಲ್ಲೇ ಅಪಾಯವೂ ಇದೆ. ಕೆಲವು .300 ತೋಟಾಗಳು 5.56 ಚೇಂಬರಿನೊಳಗೆ ಹೋಗಿ ಬೋಲ್ಟ್ ಮುಚ್ಚಿಕೊಳ್ಳುತ್ತದೆ. ಆಗ ಟ್ರಿಗರ್ ಎಳೆದರೆ 0.308 ಇಂಚಿನ ಗುಂಡು 0.224 ಇಂಚಿನ ನಳಿಗೆಗೆ ನುಗ್ಗಲು ಹೋಗಿ ರೈಫಲ್ ಒಡೆಯುತ್ತದೆ. ಎರಡೂ ಅಪ್ಪರ್ ಇಟ್ಟುಕೊಂಡವರು ಮ್ಯಾಗಜಿನ್‌ಗಳಿಗೆ ಬೇರೆ ಬೇರೆ ಬಣ್ಣದ ಗುರುತು ಹಾಕಿ, ಒಂದರ ತೋಟಾ ಮೇಜಿನ ಮೇಲಿರುವಾಗ ಇನ್ನೊಂದನ್ನು ತೆರೆಯಲೇಬಾರದು.

7.62×39, 6.8 ಎಸ್‌ಪಿಸಿ, 6.5 ಗ್ರೆಂಡೆಲ್‌ ಎಂಬ ತೋಟಾಗಳಿಗೆ ಬೋಲ್ಟಿನ ಮುಖವೇ ಬೇರೆ. ಗ್ರೆಂಡೆಲ್‌ನಲ್ಲಿ ಮತ್ತೊಂದು ತೊಡಕಿದೆ: ಟೈಪ್ 1 ಬೋಲ್ಟಿನ ಮುಖದ ಆಳ 0.125 ಇಂಚು, ಟೈಪ್ 2ರದ್ದು 0.136. ಒಂದರ ಬ್ಯಾರೆಲ್‌ಗೆ ಇನ್ನೊಂದರ ಬೋಲ್ಟ್ ಹಾಕಿದರೆ ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟಿನ ಮುಖಕ್ಕೂ ಚೇಂಬರಿನಲ್ಲಿ ತೋಟಾ ತಡೆದು ನಿಲ್ಲುವ ಜಾಗಕ್ಕೂ ಇರುವ ಅಂತರ) 0.011 ಇಂಚಿನಷ್ಟು ತಪ್ಪುತ್ತದೆ. ಬ್ಯಾರೆಲ್ಲನ್ನೂ ಬೋಲ್ಟನ್ನೂ ಜೋಡಿಯಾಗಿಯೇ ಕೊಳ್ಳಿ.

ಬೋಲ್ಟೂ ಬ್ಯಾರೆಲ್ಲೂ ಬೇರೆ ಬೇರೆ ಕಡೆಯಿಂದ ಬಂದಿದ್ದರೆ ಹೆಡ್‌ಸ್ಪೇಸ್ ಅಳೆಯದೆ ಹಾರಿಸಬಾರದು. ಬೋಲ್ಟಿನಿಂದ ಖಾಲಿ ಕೋಶವನ್ನು ಹೊರಹಾಕುವ ಎಜೆಕ್ಟರ್, ಹೊರಗೆಳೆಯುವ ಎಕ್ಸ್‌ಟ್ರ್ಯಾಕ್ಟರ್ ತೆಗೆದು, ಚೇಂಬರ್ ಒರೆಸಿ, ಗೇಜ್ ಇಟ್ಟು ಬೆರಳಿನ ಬಲದಲ್ಲೇ ಬೋಲ್ಟ್ ತಿರುಗಿಸಿ. ಗೋ ಗೇಜಿನ (ಕನಿಷ್ಠ ಅಳತೆ) ಮೇಲೆ ಮುಚ್ಚಬೇಕು, ನೋ-ಗೋ (ಮಿತಿಯ ಅಳತೆ) ಮೇಲೆ ಮುಚ್ಚಬಾರದು. .223ರಲ್ಲಿ ಇವೆರಡರ ನಡುವಿನ ಅಂತರ ಸುಮಾರು 0.003 ಇಂಚು ಮಾತ್ರ. ಬಲ ಹಾಕಿದರೆ ಅಳತೆಗೆ ಅರ್ಥವಿಲ್ಲ. ಗೇಜ್ ಇಲ್ಲದವರು ಗನ್‌ಸ್ಮಿತ್ ಕೈಗೆ ಕೊಡಲಿ.

ಬ್ಯಾರೆಲ್ ಕೂರುವ ಜಾಗ

ಬ್ಯಾರೆಲ್ ಎಕ್ಸ್‌ಟೆನ್ಶನ್ (ಬ್ಯಾರೆಲ್ಲಿನ ಹಿಂತುದಿಗೆ ಕೂಡಿಸಿದ, ಬೋಲ್ಟು ಬೀಗದಂತೆ ಕೂರುವ ತುಂಡು) ಸುಮಾರು 1 ಇಂಚು ವ್ಯಾಸದ್ದು. ರಿಸೀವರ್‌ನೊಳಗೆ ಅದು ಕೈಯೊತ್ತಿಗೆ ಜಾರಿ, ಅಲ್ಲಾಡದೆ ನಿಲ್ಲಬೇಕು. ಕೆಲವು ತಯಾರಕರು ಬೇಕೆಂದೇ ಬಿಗಿಯಾಗಿ ಮಾಡಿರುತ್ತಾರೆ. ಅವರ ಸೂಚನೆಯಂತೆ ರಿಸೀವರನ್ನು ಬಿಸಿ ಮಾಡಿ ಕೂರಿಸಬೇಕು. ಬ್ಯಾರೆಲ್ಲಿನ ದಿಕ್ಕು ನಿಲ್ಲಿಸುವ ಇಂಡೆಕ್ಸ್ ಪಿನ್ನು ರಿಸೀವರಿನ ಖಾಚಿನಲ್ಲಿ ಆಡುತ್ತಿದ್ದರೆ ನಟ್ ಬಿಗಿಯುವಾಗ ಬ್ಯಾರೆಲ್ ಓರೆಯಾಗಿ ಮುಂದಿನ ಸೈಟ್ ವಾಲುತ್ತದೆ.

ನಟ್ಟಿನ ಮರೆಗೆ ಮಾಲಿಬ್ಡಿನಮ್ ಡೈಸಲ್ಫೈಡ್ ಗ್ರೀಸ್ ಹಚ್ಚಿ. ಗ್ರಾಫೈಟ್ ಗ್ರೀಸ್ ಬೇಡ: ಅಲ್ಯೂಮಿನಿಯಂ ಮತ್ತು ಉಕ್ಕಿನ ನಡುವೆ ಅದು ತುಕ್ಕಿಗೆ ದಾರಿ ಮಾಡುತ್ತದೆ. 30 ಫುಟ್-ಪೌಂಡ್ ತಿರುಗುಬಲಕ್ಕೆ ಬಿಗಿದು, ಸಡಿಲಿಸಿ, ಹೀಗೆ ಮೂರು ಸಲ ಮಾಡಿ. ಕೊನೆಗೆ 30ರಿಂದ 80ರ ನಡುವೆ ನಟ್ಟಿನಲ್ಲಿ ಗ್ಯಾಸ್ ಟ್ಯೂಬ್ ಹಾಯುವ ದಾರಿ ನೇರವಾಗುವವರೆಗೆ ಬಿಗಿಯುತ್ತಾ ಹೋಗಿ. ನೇರ ಮಾಡಲೆಂದು ಹಿಂದಕ್ಕೆ ಸಡಿಲಿಸಬೇಡಿ. ಫ್ರೀ-ಫ್ಲೋಟ್ (ಬ್ಯಾರೆಲ್ಲಿಗೆ ತಾಗದ) ಹ್ಯಾಂಡ್‌ಗಾರ್ಡ್‌ಗಳ ನಟ್ಟಿಗೆ ತಯಾರಕರು ಕೊಟ್ಟ ಅಂಕಿಯೇ ಪ್ರಮಾಣ. ಖಾಲಿ ಕೋಶ ಹೊರಬೀಳುವ ಕಿಂಡಿಗೆ ಮುಚ್ಚಳವಾದ ಡಸ್ಟ್ ಕವರ್‌ನ ಕಡ್ಡಿಯನ್ನು ಬ್ಯಾರೆಲ್ ಕೂರಿಸುವ ಮೊದಲೇ ಹಾಕಿ, ಆಮೇಲೆ ಅದಕ್ಕೆ ಜಾಗ ಸಿಗದೆ ಹೋಗಬಹುದು.

ಫೀಡ್ ರ‍್ಯಾಂಪ್‌ಗಳನ್ನು (ತೋಟಾ ಚೇಂಬರಿನೊಳಗೆ ಜಾರುವ ಇಳಿಜಾರು) ಟಾರ್ಚ್ ಹಿಡಿದು ನೋಡಿ. ಎಕ್ಸ್‌ಟೆನ್ಶನ್‌ನಲ್ಲಿ ಉದ್ದವಾದ ಎಂ4 (ಸೇನೆಯ ಕಾರ್ಬೈನ್) ಬಗೆಯ ಇಳಿಜಾರಿದ್ದು ರಿಸೀವರ್‌ನಲ್ಲಿ ಇಲ್ಲದಿದ್ದರೆ ಸಾಮಾನ್ಯವಾಗಿ ನಡೆಯುತ್ತದೆ. ಅದಲುಬದಲಾದರೆ ಎಕ್ಸ್‌ಟೆನ್ಶನ್‌ನ ಅಂಚು ಮೆಟ್ಟಿಲಿನಂತೆ ಎದ್ದು ನಿಲ್ಲುತ್ತದೆ. ಗುಂಡಿನ ಮೂತಿ ಅಲ್ಲಿ ಬಡಿದು ತೋಟಾದ ಕೋಶದೊಳಕ್ಕೆ ಹಿಂಜರಿದರೆ ಒತ್ತಡ ಏರುತ್ತದೆ. ಇದನ್ನು ಸಾಣೆ ಹಿಡಿದು ಸರಿಮಾಡುವ ಬದಲು ಭಾಗ ಬದಲಿಸಿ.

ಗ್ಯಾಸ್ ಮತ್ತು ಕ್ಯಾರಿಯರ್

ಗ್ಯಾಸ್ ವ್ಯವಸ್ಥೆಯ ಉದ್ದ ಪಿಸ್ತೂಲ್, ಕಾರ್ಬೈನ್, ಮಿಡ್, ರೈಫಲ್ ಎಂದು ನಾಲ್ಕು ಬಗೆ. ಟ್ಯೂಬು ಬ್ಯಾರೆಲ್ಲಿನ ರಂಧ್ರಕ್ಕೆ ತಕ್ಕದ್ದೇ ಇರಬೇಕು. ಗ್ಯಾಸ್ ಬ್ಲಾಕ್ (ಬ್ಯಾರೆಲ್ಲಿನ ಗ್ಯಾಸನ್ನು ಟ್ಯೂಬಿಗೆ ತಿರುಗಿಸುವ ತುಂಡು) ಕೂರುವಲ್ಲಿ ಬ್ಯಾರೆಲ್ ವ್ಯಾಸ 0.625, 0.750, 0.875 ಅಥವಾ 0.936 ಇಂಚು ಇರಬಹುದು, ಕ್ಯಾಲಿಪರ್ ಇಟ್ಟೇ ನೋಡಿ.

ಬೋಲ್ಟ್ ಬಿಚ್ಚಿ ಬರೀ ಕ್ಯಾರಿಯರನ್ನು ಅಪ್ಪರ್‌ನೊಳಗೆ ಜಾರಿಸಿ. ಕೊನೆಯ ಮುಕ್ಕಾಲು ಇಂಚಿನಲ್ಲಿ ತಡೆದರೆ ಗ್ಯಾಸ್ ಟ್ಯೂಬ್ ಕೀಯ (ಕ್ಯಾರಿಯರ್ ಮೇಲಿನ, ಗ್ಯಾಸ್ ಪಡೆಯುವ ಕೊಳವೆ) ಬಾಯಿಗೆ ತಾಗುತ್ತಿದೆ ಎಂದರ್ಥ. ಟ್ಯೂಬನ್ನು ಕೂದಲೆಳೆಯಷ್ಟು ಬಾಗಿಸಿ ಮತ್ತೆ ನೋಡಿ. ಕೀಯ ಎರಡು ಸ್ಕ್ರೂಗಳ ಸುತ್ತ ಲೋಹವನ್ನು ಗುದ್ದಿ ಬಿಗಿ ಮಾಡಿರಬೇಕು, ಇಲ್ಲದಿದ್ದರೆ ಅವು ಸಡಿಲಾಗಿ ಗ್ಯಾಸ್ ಸೋರುತ್ತದೆ. ಬೋಲ್ಟನ್ನು ಪೂರ್ತಿ ಮುಂದೆಳೆದು, ಅದರ ಮುಖದ ಮೇಲೆ ಕ್ಯಾರಿಯರನ್ನು ನಿಲ್ಲಿಸಿ: ತನ್ನ ಭಾರಕ್ಕೇ ಕುಸಿದರೆ ಬೋಲ್ಟಿನ ಸುತ್ತ ಗ್ಯಾಸ್ ಸೋರದಂತೆ ತಡೆಯುವ ಗ್ಯಾಸ್ ರಿಂಗ್ ಸವೆದಿವೆ.

ಜೋಡಿಸಿದ ಮೇಲೆ ಡಮ್ಮಿ ತೋಟಾಗಳಿಂದ ಲೋಡು, ಹೊರಹಾಕುವಿಕೆ ಎರಡನ್ನೂ ಕೈಯಿಂದ ನಡೆಸಿ. ರೇಂಜಿನಲ್ಲಿ ಮೊದಲು ಮ್ಯಾಗಜಿನ್‌ಗೆ ಒಂದೇ ತೋಟಾ ಹಾಕಿ ಹಾರಿಸಿ. ಬೋಲ್ಟ್ ಹಿಂದೆ ನಿಂತರೆ ಗ್ಯಾಸ್ ಸಾಕಷ್ಟು ಬರುತ್ತಿದೆ. ನಿಲ್ಲದಿದ್ದರೆ ಇನ್ನೊಂದು ಮ್ಯಾಗಜಿನ್ ಹಾಕಿ ನೋಡಿ. ಆಗಲೂ ನಿಲ್ಲದಿದ್ದರೆ ಗ್ಯಾಸ್ ಬ್ಲಾಕ್ ರಂಧ್ರದಿಂದ ಸರಿದಿದೆಯೇ, ಕೀ ಸಡಿಲವೇ, ಬಫರ್ (ಹಿಂದೆ ಬರುವ ಕ್ಯಾರಿಯರನ್ನು ತಡೆಯುವ ತೂಕ) ಹೆಚ್ಚು ಭಾರದ್ದೇ ಎಂದು ಇದೇ ಕ್ರಮದಲ್ಲಿ ಹುಡುಕಿ. ಹೊರಬಿದ್ದ ಖಾಲಿ ಕೋಶವನ್ನು ಪ್ರತಿಸಲ ಎತ್ತಿ ನೋಡಿ. ಬುಡದ ಬಳಿ ಉಬ್ಬು, ಬಿರುಕು ಅಥವಾ ಚಪ್ಪಟೆಯಾದ ಪ್ರೈಮರ್ (ಬುಡದ ನಡುವೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ಕಂಡರೆ ಆ ಅಪ್ಪರಿನಲ್ಲಿ ಎರಡನೆಯ ತೋಟಾ ಹಾರಿಸಬೇಡಿ.