ಗರ್ಭಿಣಿಯಾದ ಮೇಲೆ ಮೊದಲ ಬಾರಿಗೆ ವ್ಯಾಯಾಮ: ಹತ್ತು ನಿಮಿಷದ ನಡಿಗೆಯಿಂದ ಆರಂಭಿಸಿ

ದಿನದ ಹೆಚ್ಚು ಹೊತ್ತನ್ನು ಕಚೇರಿಯ ಕುರ್ಚಿಯಲ್ಲೋ ಹೊಲಿಗೆ ಯಂತ್ರದ ಮುಂದೋ ಕಳೆಯುವ, ವ್ಯಾಯಾಮವೆಂದು ಎಂದೂ ಪ್ರತ್ಯೇಕವಾಗಿ ಏನನ್ನೂ ಮಾಡದ ಮಹಿಳೆ ಗರ್ಭಿಣಿಯಾದ ಮೇಲೆ ಅದನ್ನು ಆರಂಭಿಸಬಹುದೇ? ತೊಡಕಿಲ್ಲದ ಗರ್ಭವಾದರೆ ಖಂಡಿತ ಆರಂಭಿಸಬಹುದು. ಹಿತಮಿತವಾದ ವ್ಯಾಯಾಮದಿಂದ ಗರ್ಭಪಾತವಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಬದಲಿಗೆ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆಯ ಸಾಧ್ಯತೆ ಕಡಿಮೆಯಾಗುತ್ತದೆ, ತೂಕ ಮಿತಿಮೀರುವ ಸಾಧ್ಯತೆಯೂ ತಗ್ಗುತ್ತದೆ. ಗರ್ಭಿಣಿಯರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಆದರೆ ರೂಢಿಯಿಲ್ಲದವರು ಮೊದಲ ವಾರವೇ ಅಷ್ಟಕ್ಕೆ ಕೈಹಾಕಬಾರದು.

ಮೊದಲು ವೈದ್ಯರ ಒಪ್ಪಿಗೆ ಪಡೆಯಿರಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಗರ್ಭಿಣಿಯರ ಉಚಿತ ತಪಾಸಣೆಗೆ ತಾಯಿ ಕಾರ್ಡ್ ಹಿಡಿದು ಹೋದಾಗಲೇ ಇದನ್ನು ಕೇಳಬಹುದು. ಮಾಸು ಗರ್ಭಕೋಶದಲ್ಲಿ ತೀರ ಕೆಳಗಿದ್ದರೆ, ಗರ್ಭಕೊರಳಿಗೆ (ಗರ್ಭಕೋಶದ ಬಾಯಿಗೆ) ಹೊಲಿಗೆ ಹಾಕಿದ್ದರೆ, ರಕ್ತಸ್ರಾವವಿದ್ದರೆ, ರಕ್ತದೊತ್ತಡ ಏರಿದ್ದರೆ ಅಥವಾ ರಕ್ತಹೀನತೆ ತೀವ್ರವಾಗಿದ್ದರೆ ವೈದ್ಯರು ಬೇಡವೆನ್ನಬಹುದು. ಆ ಮಾತನ್ನು ಮೀರಬೇಡಿ.

ಒಪ್ಪಿಗೆ ದೊರೆತ ಮೇಲೆ ನಡಿಗೆಯೇ ಅತ್ಯುತ್ತಮ ಆರಂಭ. ತುಮಕೂರಿನವರಾದರೆ ಅಮಾನಿಕೆರೆಯ ಉದ್ಯಾನದಂತಹ ಸಮತಟ್ಟಾದ ಜಾಗದಲ್ಲಿ, ಬಿಸಿಲೇರುವ ಮುನ್ನ, ಹಿಮ್ಮಡಿಗೆ ಆಸರೆ ಕೊಡುವ ಪಾದರಕ್ಷೆ ತೊಟ್ಟು, ನೀರಿನ ಬಾಟಲಿ ಜೊತೆಗಿಟ್ಟುಕೊಂಡು ದಿನಕ್ಕೆ ಹತ್ತು ನಿಮಿಷ ನಡೆಯಿರಿ. ಮೊದಲ ವಾರ ದಿನ ಬಿಟ್ಟು ದಿನ ನಡೆದರೂ ಸಾಕು. ಆಯಾಸವೆನಿಸದಿದ್ದರೆ ವಾರಕ್ಕೆ ಐದು ನಿಮಿಷದಂತೆ ಹೆಚ್ಚಿಸುತ್ತಾ, ವಾರದಲ್ಲಿ ಐದು ದಿನ, ದಿನಕ್ಕೆ ಮೂವತ್ತು ನಿಮಿಷ ಮುಟ್ಟಿದರೆ 150 ಆಯಿತು. ಮೂವತ್ತನ್ನು ಒಟ್ಟಿಗೆ ನಡೆಯಲೇಬೇಕೆಂದಿಲ್ಲ. ಬೆಳಿಗ್ಗೆ, ಸಂಜೆಗೆ ಹಂಚಿಕೊಳ್ಳಬಹುದು.

ವೇಗವನ್ನು ಅಳೆಯಲು ಯಾವ ಉಪಕರಣವೂ ಬೇಡ. ನಡೆಯುತ್ತಾ ಪಕ್ಕದವರೊಡನೆ ಪೂರ್ಣ ವಾಕ್ಯಗಳಲ್ಲಿ ಮಾತನಾಡಲು ಆಗಬೇಕು, ಹಾಡಲು ಮಾತ್ರ ಆಗಬಾರದು. ಮಾತೇ ತುಂಡಾಗುತ್ತಿದ್ದರೆ ನಿಧಾನಿಸಿ. ಮನೆಗೆಲಸವೇ ಸಾಕಲ್ಲವೇ ಎಂದು ಹಿರಿಯರು ಕೇಳುತ್ತಾರೆ. ನೆಲ ಒರೆಸುವುದು ಚಟುವಟಿಕೆಯೇ ಹೌದು. ಆದರೆ ಒಲೆಯ ಮುಂದೆ ಗಂಟೆಗಟ್ಟಲೆ ನಿಂತು ದಣಿಯುವುದರಿಂದ ಕಾಲು ಊದಿಕೊಳ್ಳುತ್ತದೆಯೇ ಹೊರತು ಉಸಿರಿನ ಶಕ್ತಿ ಹೆಚ್ಚುವುದಿಲ್ಲ. ಆದ್ದರಿಂದ ಆ ಮೂವತ್ತು ನಿಮಿಷಗಳ ಮಟ್ಟಿಗೆ ಅಡುಗೆಮನೆಯ ಹೊಣೆಯನ್ನು ಮನೆಯ ಉಳಿದವರು ಹೊರುವುದು ನ್ಯಾಯ.

ನಡಿಗೆ ರೂಢಿಯಾದ ಬಳಿಕ, ಗೋಡೆಗೆ ಅಂಗೈ ಊರಿ ಮೊಣಕೈ ಮಡಚಿ ಬಿಡಿಸುವುದನ್ನೂ ಭದ್ರವಾದ ಕುರ್ಚಿಯಿಂದ ಎದ್ದು ಕೂರುವುದನ್ನೂ ಹತ್ತು ಹತ್ತು ಬಾರಿ ಮಾಡಿ. ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುಗಳನ್ನು ಐದು ಸೆಕೆಂಡು ಬಿಗಿಹಿಡಿದು ಸಡಿಲಿಸುವ ಅಭ್ಯಾಸವನ್ನು ಕುಳಿತಲ್ಲೇ ಮಾಡಬಹುದು. ಕೆಮ್ಮಿದಾಗ ಮೂತ್ರ ಸೋರುವುದನ್ನು ತಡೆಯಲು ಇದು ನೆರವಾಗುತ್ತದೆ.

ಮೂರು ತಿಂಗಳು ತುಂಬಿದ ಮೇಲೆ ಅಂಗಾತ ಮಲಗಿ ಮಾಡುವ ವ್ಯಾಯಾಮ ಬೇಡ, ಗರ್ಭದ ಭಾರ ದೊಡ್ಡ ರಕ್ತನಾಳವನ್ನು ಒತ್ತಿ ತಲೆಸುತ್ತು ತರಬಹುದು. ಜಾರಿ ಬೀಳುವ ಅಪಾಯವಿರುವುದರಿಂದ ಶಿವಗಂಗೆ ಬೆಟ್ಟದ ಮೆಟ್ಟಿಲುಗಳನ್ನು ಹೆರಿಗೆಯ ನಂತರಕ್ಕೆ ಇಟ್ಟುಕೊಳ್ಳಿ.

ರಕ್ತ ಅಥವಾ ನೀರು ಹೋದರೆ, ಹೊಟ್ಟೆ ಬಿಟ್ಟುಬಿಟ್ಟು ನೋಯತೊಡಗಿದರೆ, ಎದೆನೋವು, ತಲೆಸುತ್ತು, ತೀವ್ರ ತಲೆನೋವು ಬಂದರೆ, ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ, ಮಗುವಿನ ಚಲನೆ ಕಡಿಮೆಯೆನಿಸಿದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ವೈದ್ಯರು ಮತ್ತೆ ಅನುಮತಿಸಿದರೆ, ನಿಲ್ಲಿಸಿದಲ್ಲಿಂದಲ್ಲ, ಮೊದಲಿನ ಹತ್ತು ನಿಮಿಷದಿಂದಲೇ ಆರಂಭಿಸಬೇಕು.