ಆಟವಾಡುವ ಮಗುವನ್ನು ಗಮನಿಸುವುದು ಹೇಗೆ?

‘ಒಂಟಿ ಕಾಲಿನಲ್ಲಿ ನಿಲ್ಲು ನೋಡೋಣ’ ಎಂದು ಎದುರಿಗೆ ನಿಲ್ಲಿಸಿ ಕೇಳಿದರೆ ಬಹುತೇಕ ಮಕ್ಕಳು ನಾಚಿಕೊಳ್ಳುತ್ತವೆ, ಇಲ್ಲವೇ ಓಡಿಹೋಗುತ್ತವೆ. ಅದೇ ಮಗು ಆಟದಲ್ಲಿ ಮುಳುಗಿರುವಾಗ, ಯಾರೂ ಹೇಳದೆಯೇ ಒಂದು ಕಾಲೆತ್ತಿ ನಿಂತು ಚಪ್ಪಲಿಯೊಳಗಿನ ಮರಳನ್ನು ಕೊಡವಿಕೊಳ್ಳುತ್ತದೆ. ಆದ್ದರಿಂದ ಚಿಕ್ಕ ಮಕ್ಕಳ ಚಲನಾ ಕೌಶಲವನ್ನೂ ಸಾಮಾಜಿಕ ನಡವಳಿಕೆಯನ್ನೂ ತಿಳಿಯಲು ಆಟದ ಹೊತ್ತಿಗಿಂತ ಒಳ್ಳೆಯ ಸಮಯವಿಲ್ಲ. ಪೋಷಕರಾಗಲಿ, ಶಿಶುವಿಹಾರದ ಶಿಕ್ಷಕರಾಗಲಿ ಸ್ವಲ್ಪ ಶಿಸ್ತಿನಿಂದ ಗಮನಿಸಿದರೆ, ಒಂದು ನೋಟ್‌ಬುಕ್ ಮತ್ತು ಒಂದು ಗಡಿಯಾರ ಬಿಟ್ಟರೆ ಬೇರೇನೂ ಬೇಕಾಗುವುದಿಲ್ಲ.

ಮೊದಲು ಯಾವ ಮಗುವನ್ನು, ಯಾವ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡುತ್ತೀರಿ ಎಂಬುದನ್ನು ನಿರ್ಧರಿಸಿಕೊಳ್ಳಿ. ಒಂದು ಸಲಕ್ಕೆ ಒಂದೇ ಮಗು, ಹತ್ತು ನಿಮಿಷ ಸಾಕು. ಮಗುವಿನ ಕೈಕಾಲುಗಳೂ ಮುಖವೂ ಕಾಣುವಷ್ಟು ಹತ್ತಿರದಲ್ಲಿ, ಆದರೆ ಆಟದ ದಾರಿಗೆ ಅಡ್ಡವಾಗದಂತೆ ಕುಳಿತುಕೊಳ್ಳಿ. ಮಗು ಹತ್ತಿರ ಬಂದು ಮಾತನಾಡಿಸಿದರೆ ಚುಟುಕಾಗಿ ಉತ್ತರಿಸಿ, ಮತ್ತೆ ನಿಮ್ಮ ಬರವಣಿಗೆಗೆ ಮರಳಿ. ‘ಹಾಗಲ್ಲ, ಹೀಗೆ ಇಡು’ ಎಂಬ ಮಾತು ಬಾಯಿಗೆ ಬಂದಾಗ ತಡೆದುಕೊಳ್ಳುವುದೇ ದೊಡ್ಡವರಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ. ಅಪಾಯವಿದ್ದರೆ ಮಾತ್ರ ಎದ್ದು ಹೋಗಿ.

ಕಂಡದ್ದನ್ನು ಬರೆಯಿರಿ, ಅನ್ನಿಸಿದ್ದನ್ನಲ್ಲ

ಹೆಚ್ಚಿನ ಟಿಪ್ಪಣಿಗಳು ಹಾಳಾಗುವುದು ಇಲ್ಲಿಯೇ. ‘ಹಠ ಮಾಡಿತು’, ‘ಜಗಳಗಂಟಿ’, ‘ಚುರುಕಾಗಿದೆ’ ಎಂಬಂಥ ಪದಗಳು ತೀರ್ಪುಗಳು; ಅವನ್ನು ಓದಿದವರಿಗೆ ನಡೆದದ್ದೇನು ಎಂಬುದು ತಿಳಿಯುವುದಿಲ್ಲ. ಎರಡೂವರೆ ವರ್ಷದ ಮಗುವೊಂದರ ಬಗ್ಗೆ ಬರೆದ ಟಿಪ್ಪಣಿ ಹೀಗಿರಬಹುದು: ‘ಮೂರು ದಿಮ್ಮಿಗಳನ್ನು ಒಂದರ ಮೇಲೊಂದು ಇಟ್ಟಿತು. ನಾಲ್ಕನೆಯದನ್ನು ಎಡಗೈಯಲ್ಲಿ ಎತ್ತಿಕೊಂಡು ಬಲಗೈಗೆ ದಾಟಿಸಿತು. ಇಡುವಾಗ ಎಡಗೈಯಿಂದ ಗೋಪುರವನ್ನು ಹಿಡಿದುಕೊಂಡಿತು. ಪಕ್ಕದ ಮಗು ಕೆಂಪು ದಿಮ್ಮಿಯನ್ನು ಎಳೆದುಕೊಂಡಿತು. ಇದು ಅದರ ಮುಖ ನೋಡಿ, ಆಮೇಲೆ ಶಿಕ್ಷಕಿಯತ್ತ ತಿರುಗಿ, ನಂದು ಎಂದು ಎರಡು ಸಲ ಹೇಳಿ ಕೈಚಾಚಿತು, ಹೊಡೆಯಲಿಲ್ಲ.’

ಅರ್ಧ ನಿಮಿಷದ ಈ ಘಟನೆಯಲ್ಲಿ ಎಷ್ಟೊಂದು ಸಂಗತಿಗಳಿವೆ ನೋಡಿ. ಒಂದು ಕೈ ಕೆಲಸ ಮಾಡುವಾಗ ಇನ್ನೊಂದು ಕೈ ಆಸರೆ ಕೊಡುತ್ತಿದೆ, ಗೋಪುರ ಬಿದ್ದೀತು ಎಂಬ ಮುಂದಾಲೋಚನೆ ಇದೆ, ತಕರಾರನ್ನು ಕೈಯೇಟಿನ ಬದಲು ಮಾತಿನಿಂದ ಹೇಳುವ ಪ್ರಯತ್ನವಿದೆ, ದೊಡ್ಡವರ ನೆರವನ್ನು ಕಣ್ಣಿನಿಂದಲೇ ಕೇಳುವುದಿದೆ. ‘ಆಟಿಕೆಗಾಗಿ ಜಗಳವಾಡಿತು’ ಎಂದು ಬರೆದು ಮುಗಿಸಿದ್ದರೆ ಇವೆಲ್ಲ ಕೈತಪ್ಪುತ್ತಿದ್ದವು. ನಿಮ್ಮ ಅನಿಸಿಕೆಗಳನ್ನು ಬರೆಯಲೇಬೇಕೆನಿಸಿದರೆ ಪುಟದ ಮಧ್ಯೆ ಗೆರೆ ಎಳೆದು, ಬಲಬದಿಯಲ್ಲಿ ಬೇರೆಯಾಗಿ, ಆಟ ಮುಗಿದ ಮೇಲೆ ಬರೆಯಿರಿ.

ಚಲನೆಯನ್ನು ನೋಡುವಾಗ ಮಾಡಿತೋ ಇಲ್ಲವೋ ಎಂಬುದರ ಜೊತೆಗೆ ಹೇಗೆ ಮಾಡಿತು ಎಂಬುದೂ ಮುಖ್ಯ. ಮೆಟ್ಟಿಲು ಹತ್ತುವಾಗ ಪ್ರತಿ ಮೆಟ್ಟಿಲಿನಲ್ಲೂ ಎರಡು ಪಾದಗಳನ್ನು ಕೂಡಿಸುತ್ತದೆಯೇ, ಒಂದರ ನಂತರ ಒಂದು ಕಾಲಿಡುತ್ತದೆಯೇ? ಜಿಗಿಯುವಾಗ ಎರಡೂ ಪಾದಗಳು ಒಟ್ಟಿಗೆ ನೆಲ ಬಿಡುತ್ತವೆಯೇ? ಬಳಪವನ್ನು ಮುಷ್ಟಿಯಲ್ಲಿ ಹಿಡಿದಿದೆಯೇ, ಬೆರಳು ಮತ್ತು ಹೆಬ್ಬೆರಳಿನ ನಡುವೆಯೇ? ಎರಡೂವರೆ ವರ್ಷದ ಹೊತ್ತಿಗೆ ಎರಡು ಪಾದಗಳಿಂದ ಜಿಗಿಯುವುದನ್ನೂ, ನಾಲ್ಕರ ಹೊತ್ತಿಗೆ ದೊಡ್ಡ ಚೆಂಡನ್ನು ಹೆಚ್ಚಿನ ಸಲ ಹಿಡಿಯುವುದನ್ನೂ, ಐದರ ಹೊತ್ತಿಗೆ ಒಂಟಿ ಕಾಲಿನಲ್ಲಿ ಕುಪ್ಪಳಿಸುವುದನ್ನೂ ಬಹುಪಾಲು ಮಕ್ಕಳಲ್ಲಿ ಕಾಣಬಹುದು. ಆದರೂ ಇವನ್ನು ಗಡುವುಗಳೆಂದು ತಿಳಿಯಬಾರದು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರೋಗ್ಯವಂತ ಮಕ್ಕಳು ಆಸರೆಯಿಲ್ಲದೆ ನಡೆಯಲು ಆರಂಭಿಸಿದ ವಯಸ್ಸು ಸುಮಾರು 8 ತಿಂಗಳಿನಿಂದ 17 ತಿಂಗಳು ದಾಟುವವರೆಗೂ ಹರಡಿಕೊಂಡಿತ್ತು. ನೂರಕ್ಕೆ ನಾಲ್ಕರಷ್ಟು ಮಕ್ಕಳು ಅಂಬೆಗಾಲಿಡದೆಯೇ ಮುಂದೆ ಸಾಗಿದ್ದವು. ಅವಧಿಗೆ ಮುನ್ನ ಹುಟ್ಟಿದ ಮಗುವಾದರೆ ಎರಡು ವರ್ಷದವರೆಗೆ ವಯಸ್ಸನ್ನು ಹೆರಿಗೆಯ ನಿರೀಕ್ಷಿತ ದಿನದಿಂದ ಲೆಕ್ಕ ಹಾಕುವುದು ರೂಢಿ.

ಜೊತೆಗಾರರ ನಡುವೆ

ಸಾಮಾಜಿಕ ನಡವಳಿಕೆಗೆ ಅಮೆರಿಕದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ 1932ರಲ್ಲಿ ಪ್ರಕಟಿಸಿದ ವರ್ಗೀಕರಣ ಇಂದಿಗೂ ಉಪಯುಕ್ತ. ಸುಮ್ಮನಿರುವುದು, ಒಂಟಿಯಾಗಿ ಆಡುವುದು, ಇತರರ ಆಟವನ್ನು ನೋಡುತ್ತ ನಿಲ್ಲುವುದು, ಪಕ್ಕದಲ್ಲೇ ಕುಳಿತು ತನ್ನಷ್ಟಕ್ಕೆ ಅದೇ ಬಗೆಯ ಆಟವಾಡುವುದು, ಕೊಡುಕೊಳ್ಳುತ್ತ ಆಡುವುದು, ಪಾತ್ರ ಹಂಚಿಕೊಂಡು ಒಂದೇ ಗುರಿಗಾಗಿ ಆಡುವುದು ಎಂದು ಅವರು ಆರು ಬಗೆಗಳನ್ನು ಗುರುತಿಸಿದರು. ಪ್ರತಿ ಮಗುವನ್ನೂ ಒಂದೊಂದು ನಿಮಿಷದ ಕಾಲ, ಬೇರೆ ಬೇರೆ ದಿನಗಳಲ್ಲಿ ನೋಡುವುದು ಅವರ ವಿಧಾನವಾಗಿತ್ತು. ಹಲವು ಮಕ್ಕಳಿರುವ ಕೋಣೆಯಲ್ಲಿ ಶಿಕ್ಷಕರು ಇದನ್ನೇ ಅನುಸರಿಸಬಹುದು: ಹೆಸರುಗಳ ಪಟ್ಟಿಯ ಮುಂದೆ ಆ ನಿಮಿಷದಲ್ಲಿ ಕಂಡ ಬಗೆಯನ್ನು ಗುರುತು ಹಾಕುತ್ತ ಹೋದರೆ ಕೆಲವು ವಾರಗಳಲ್ಲಿ ಪ್ರತಿ ಮಗುವಿನ ಚಿತ್ರ ಮೂಡುತ್ತದೆ.

ಈ ಆರನ್ನು ಏಣಿಯ ಮೆಟ್ಟಿಲುಗಳೆಂದು ಭಾವಿಸಿ, ಒಂಟಿಯಾಗಿ ಆಡುವ ಮಗು ಹಿಂದುಳಿದಿದೆ ಎಂದುಕೊಳ್ಳುವುದು ತಪ್ಪು. ಐದು ವರ್ಷದ ಮಗು ಅರ್ಧ ಗಂಟೆ ಒಂಟಿಯಾಗಿ ಸೇತುವೆ ಕಟ್ಟುತ್ತ ಕುಳಿತಿದ್ದರೆ ಅದು ಏಕಾಗ್ರತೆಯೂ ಇರಬಹುದು. ಹಾಗೆಯೇ ದೂರ ನಿಂತು ನೋಡುವ ಮಗು ಎಷ್ಟೋ ಸಲ ಆಟದ ನಿಯಮ ಕಲಿಯುತ್ತಿರುತ್ತದೆ. ಗುಂಪಿನೊಳಗೆ ಸೇರಲು ಅದು ಯಾವ ಉಪಾಯ ಹೂಡುತ್ತದೆ, ಒಲ್ಲೆ ಎಂದಾಗ ಏನು ಮಾಡುತ್ತದೆ, ಅಳುವ ಮಗುವಿನ ಬಳಿ ಹೋಗುತ್ತದೆಯೇ ಎಂಬ ವಿವರಗಳು ಬರೀ ವರ್ಗದ ಹೆಸರಿಗಿಂತ ಹೆಚ್ಚು ತಿಳಿಸುತ್ತವೆ. ಚಲನೆಗೂ ನಡವಳಿಕೆಗೂ ನಂಟಿರುವುದನ್ನು ಇಲ್ಲಿ ಮರೆಯಬೇಡಿ: ಚೆಂಡು ಹಿಡಿಯಲಾರದ ಮಗು ‘ನನಗೆ ಆ ಆಟ ಬೇಡ’ ಎಂದು ದೂರ ಉಳಿಯಬಹುದು, ಅದನ್ನು ನಾವು ಸಂಕೋಚವೆಂದು ಓದಿಬಿಡುತ್ತೇವೆ.

ಒಂದು ದಿನದ ಟಿಪ್ಪಣಿಯಿಂದ ಯಾವ ತೀರ್ಮಾನಕ್ಕೂ ಬರಬೇಡಿ. ಹಸಿವು, ನಿದ್ದೆ, ಜ್ವರ, ಹೊಸ ಜಾಗ ಎಲ್ಲವೂ ಆಟವನ್ನು ಬದಲಿಸುತ್ತವೆ. ಒಳಾಂಗಣ ಮತ್ತು ಹೊರಾಂಗಣ ಎರಡರಲ್ಲೂ, ಬೇರೆ ಬೇರೆ ಹೊತ್ತಿನಲ್ಲಿ ನೋಡಿ. ಆದರೆ ಕೆಲವು ಲಕ್ಷಣಗಳಿಗೆ ಕಾಯುವ ಅಗತ್ಯವಿಲ್ಲ. ಕಲಿತ ಮಾತು ಅಥವಾ ಕೌಶಲವನ್ನು ಮಗು ಕಳೆದುಕೊಳ್ಳುತ್ತಿದ್ದರೆ, ವರ್ಷ ತುಂಬುವ ಮೊದಲೇ ಒಂದು ಕೈಯನ್ನು ಮಾತ್ರ ಬಳಸುತ್ತಿದ್ದರೆ, ನೆಲದಿಂದ ಏಳುವಾಗ ತನ್ನ ತೊಡೆಗಳ ಮೇಲೆ ಕೈಯೂರಿಕೊಂಡು ಮೇಲೇರುತ್ತಿದ್ದರೆ, ಹೆಸರು ಕರೆದರೂ ಸದಾ ತಿರುಗಿ ನೋಡದಿದ್ದರೆ ಮಕ್ಕಳ ತಜ್ಞರನ್ನು ಬೇಗ ಕಾಣಿ. ಹೋಗುವಾಗ ದಿನಾಂಕ ಹಾಕಿದ ಟಿಪ್ಪಣಿಗಳನ್ನೂ, ಸಾಧ್ಯವಾದರೆ ಮೊಬೈಲಿನಲ್ಲಿ ತೆಗೆದ ಒಂದೆರಡು ನಿಮಿಷದ ವಿಡಿಯೊವನ್ನೂ ಒಯ್ಯಿರಿ. ತಪಾಸಣೆಯ ಕೋಣೆಯಲ್ಲಿ ಅಮ್ಮನ ಮಡಿಲಿಗೆ ಅಂಟಿಕೊಂಡ ಮಗು ಅಲ್ಲಿ ಅದನ್ನೆಲ್ಲ ಮಾಡಿ ತೋರಿಸುವುದಿಲ್ಲ.