ವಿಕಿಪೀಡಿಯದಲ್ಲಿ ನೀವು ಬರೆದದ್ದನ್ನು ಯಾರೋ ಅಳಿಸಿದರೆ?

ಕನ್ನಡ ವಿಕಿಪೀಡಿಯ ಶುರುವಾಗಿದ್ದು 2003ರಲ್ಲಿ. ಹೊಸಬರು ಈಗಲೂ ಬರುತ್ತಾರೆ, ಅಷ್ಟೇ ಬೇಗ ಹೊರಟೂ ಹೋಗುತ್ತಾರೆ. ಬರೆಯಲು ಬಾರದೆ ಅಲ್ಲ. ಇವರು ಹಾಕಿದ ಸಾಲನ್ನು ಯಾರೋ ತೆಗೆಯುತ್ತಾರೆ. ಇವರು ಮತ್ತೆ ಹಾಕುತ್ತಾರೆ, ಅವರು ಮತ್ತೆ ತೆಗೆಯುತ್ತಾರೆ. ಮೂರನೇ ಸಲಕ್ಕೆ ಸಿಟ್ಟು ಬಂದು ಆ ಕಡೆ ತಲೆ ಹಾಕುವುದನ್ನೇ ಬಿಡುತ್ತಾರೆ. ಚೆನ್ನಾಗಿ ಬರೆಯಬಲ್ಲವರನ್ನು ಹೀಗೆ ಕಳೆದುಕೊಂಡಾಗ ಹೊಟ್ಟೆ ಉರಿಯುತ್ತದೆ.

ಖಾತೆ ತೆರೆದು 'ಸಂಪಾದಿಸಿ' ಒತ್ತುವುದು ಐದು ನಿಮಿಷದ ಕೆಲಸ. ಉಳಿಸುವ ಮುಂಚೆ ಸಾರಾಂಶದ ಜಾಗದಲ್ಲಿ ಏನು ಬದಲಿಸಿದಿರಿ ಅಂತ ಬರೆಯಿರಿ. ಬರೀ 'ತಿದ್ದಿದೆ' ಸಾಲದು, 'ಇಸವಿ ತಿದ್ದಿ ಆಕರ ಸೇರಿಸಿದೆ' ಅನ್ನಿ. ಹಾಗೆಯೇ, ಯಂತ್ರ ಮಾಡಿದ ಅನುವಾದವನ್ನು ತಂದು ಅಂಟಿಸುವ ಅಡ್ಡದಾರಿ ಬೇಡವೇ ಬೇಡ. ಅದನ್ನು ತಿದ್ದುವ ಹೊತ್ತಿಗೆ ಹೊಸ ಲೇಖನವನ್ನೇ ಬರೆಯಬಹುದು.

ಈಗ ಕಷ್ಟದ ಘಟ್ಟ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ ಆಯಿತು ಅಂತ ನೀವು ಸೇರಿಸಿದಿರಿ ಅನ್ನೋಣ. ಮಾರನೇ ದಿನ ಆ ಸಾಲು ಇಲ್ಲ. ತಕ್ಷಣ ಮತ್ತೆ ಹಾಕಬೇಡಿ. ಪುಟದ 'ಇತಿಹಾಸ' ತೆರೆಯಿರಿ. ಯಾರು, ಯಾವಾಗ ತೆಗೆದರು ಅಂತ ಅಲ್ಲಿ ಇರುತ್ತದೆ, ಕಾರಣ ಬರೆದಿದ್ದರೆ ಅದೂ ಇರುತ್ತದೆ. 'ಆಕರ ಇಲ್ಲ' ಅಂತಿದ್ದರೆ ಜಗಳವೇ ಇಲ್ಲ, ಆಕರದ ಜೊತೆ ಹಾಕಿ.

ಕಾರಣ ಕೊಟ್ಟಿಲ್ಲ, ಅಥವಾ ಕೊಟ್ಟ ಕಾರಣ ನಿಮಗೆ ಸರಿ ಕಾಣಲಿಲ್ಲ ಅಂದರೆ ಲೇಖನದ ಚರ್ಚೆಪುಟಕ್ಕೆ ಹೋಗಿ. ಬಹಳ ಜನ ಎಡವುವುದು ಇಲ್ಲೇ. 'ನಾನು ಅದೇ ಊರಿನವನು, ನಿಮಗೇನು ಗೊತ್ತು?' ಅಂತ ಶುರು ಮಾಡುತ್ತಾರೆ. ನೀವು ಆ ಊರಿನವರು ಅನ್ನುವುದನ್ನು ಓದುವವರು ಹೇಗೆ ಪರೀಕ್ಷಿಸಬೇಕು, ಅಲ್ವಾ? ಹೀಗೆ ಬರೆದು ನೋಡಿ:

'ನಮಸ್ಕಾರ. ಪ್ರತಿಷ್ಠೆಯ ಇಸವಿ ಬಗ್ಗೆ ನಾನು ಸೇರಿಸಿದ್ದ ಸಾಲನ್ನು ತೆಗೆದಿದ್ದೀರಿ. ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಹಾಸನ ಜಿಲ್ಲೆಯ ಸಂಪುಟ ನೋಡಿ ಬರೆದದ್ದು, ಪುಟದ ವಿವರ ಕೆಳಗಿದೆ. ಬೇರೆ ಇಸವಿ ಹೇಳುವ ಆಕರ ನಿಮ್ಮಲ್ಲಿದ್ದರೆ ತಿಳಿಸಿ, ಎರಡನ್ನೂ ಹಾಕೋಣ.'

ಕೊನೆಗೆ ನಾಲ್ಕು ಟಿಲ್ಡೆ ~~~~ ಹಾಕಿ, ನಿಮ್ಮ ಹೆಸರು, ಸಮಯ ತಾನಾಗಿ ಮೂಡುತ್ತದೆ. 'ಸರ್', 'ಮೇಡಂ' ಬೇಡ, ಎದುರಿಗಿರುವವರು ಯಾರೋ ಏನೋ. ಸದಸ್ಯರ ಹೆಸರಿನ ಮುಂದೆ 'ಅವರೇ' ಅಂದರೆ ಸಾಕು. ಮಾತು ಸಾಲಿನ ಸುತ್ತಲೇ ಇರಲಿ, ಬರೆದವರ ಮೇಲೆ ಹೋಗುವುದು ಬೇಡ. ಮೊದಲಿನವರ ಮಾತನ್ನು ತಿದ್ದಬೇಡಿ, ಅಳಿಸಬೇಡಿ.

ಆಮೇಲೆ ಒಂದು ವಾರ ಕಾಯಿರಿ. ಇಲ್ಲಿ ಬರೆಯುವವರು ಹೆಚ್ಚಿನವರು ಸಂಬಳವಿಲ್ಲದೆ, ಬಿಡುವಾದಾಗ ಬರುವವರು. ಸುಮ್ನೆ ವಾಟ್ಸ್ಆ್ಯಪ್‌ನಲ್ಲಿ ಬೆನ್ನು ಹತ್ತಬೇಡಿ. ಅಲ್ಲಿ ಆಡಿದ ಮಾತು ನಾಳೆ ಆ ಲೇಖನ ತಿದ್ದುವವರ ಕಣ್ಣಿಗೆ ಬೀಳುವುದಿಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲಂತೂ 24 ಗಂಟೆಯಲ್ಲಿ ಒಂದೇ ಪುಟದಲ್ಲಿ ಮೂರಕ್ಕಿಂತ ಜಾಸ್ತಿ ಸಲ ಬೇರೆಯವರ ಬದಲಾವಣೆ ರದ್ದು ಮಾಡಿದರೆ ಖಾತೆಗೆ ತಡೆ ಬೀಳಬಹುದು.

ವಾರ ಕಳೆದರೂ ಉತ್ತರ ಇಲ್ಲವೇ? 'ಅರಳಿ ಕಟ್ಟೆ'ಗೆ ಬನ್ನಿ. ಕನ್ನಡ ವಿಕಿಪೀಡಿಯದವರೆಲ್ಲ ಸೇರಿ ಮಾತಾಡುವ ಪುಟ ಅದು. ಚರ್ಚೆಪುಟದ ಕೊಂಡಿ ಕೊಟ್ಟು, 'ಇದನ್ನು ಒಮ್ಮೆ ನೋಡುತ್ತೀರಾ?' ಅಂತ ಎರಡು ಸಾಲು ಬರೆಯಿರಿ.